ಭದ್ರತೆಯ ಪ್ರಶ್ನೆ ಬಂದಾಗ ವಲಸಿಗನ ಮಾತು ಕೇಳಬೇಕಾ, ಬೇಡವಾ?

ವಕೀಲ, ವಿಜಯಪುರ

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ಶ್ರೀಲಂಕಾದ ತಮಿಳನೊಬ್ಬನ ಅರ್ಜಿ ತಳ್ಳಿಹಾಕಿತು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿ ಆದ ಶಿಕ್ಷೆಯನ್ನು ಆತ ಮುಗಿಸಿದ್ದ. ವಾಪಸ್ ಹೋದರೆ ಜೀವಕ್ಕೆ ಅಪಾಯ ಅಂತ ಹೇಳಿಕೊಂಡಿದ್ದ. ಜಗತ್ತಿನ ನಿರಾಶ್ರಿತರನ್ನೆಲ್ಲ ಇಟ್ಟುಕೊಳ್ಳೋಕೆ ಭಾರತ ಧರ್ಮಶಾಲೆ ಅಲ್ಲ ಎಂದಿತು ಪೀಠ. ನಮ್ಮ ಬಾರ್ ರೂಮಿನಲ್ಲಿ ಈ ಮಾತು ಇನ್ನೂ ತಣ್ಣಗಾಗಿಲ್ಲ. ಅರ್ಧ ಜನ ಸರಿ ಅಂತಾರೆ, ಅರ್ಧ ಜನ ತಲೆ ಅಲ್ಲಾಡಿಸುತ್ತಾರೆ.

ಎಲ್ಲರನ್ನೂ ಒಳಗೆ ಬಿಡಬೇಕು ಅಂತ ಯಾವ ಕಾನೂನೂ ಹೇಳಲ್ಲ. ಅಂತಾರಾಷ್ಟ್ರೀಯ ಕಾನೂನೂ ಹೇಳಲ್ಲ. ಯಾರು ಬರಬೇಕು, ಎಷ್ಟು ದಿನ ಇರಬೇಕು, ಯಾರು ಹೋಗಬೇಕು ಅಂತ ತೀರ್ಮಾನಿಸೋದು ಆಯಾ ದೇಶದ ಅಧಿಕಾರ. ಹ್ಯಾನ್ಸ್ ಮುಲ್ಲರ್ ಎಂಬ ಜರ್ಮನ್ ಪ್ರಜೆಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1955ರಲ್ಲೇ ಇದನ್ನು ಹೇಳಿಬಿಟ್ಟಿದೆ. ಪ್ರಶ್ನೆ ಇರೋದು ಆ ಅಧಿಕಾರವನ್ನು ಹೇಗೆ ಬಳಸಬೇಕು ಅನ್ನೋದರಲ್ಲಿ. ಸಂವಿಧಾನದ 21ನೇ ವಿಧಿ ನಮ್ಮ ನಾಗರಿಕರಿಗಷ್ಟೇ ಸೀಮಿತ ಅಲ್ಲ, ಈ ನೆಲದ ಮೇಲಿರುವ ಎಲ್ಲರಿಗೂ ಅನ್ವಯಿಸುತ್ತದೆ. ಕಾನೂನು ಹೇಳಿದ ರೀತಿ ಬಿಟ್ಟು ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯೋ ಹಾಗಿಲ್ಲ. 2021ರ ಏಪ್ರಿಲ್‌ನಲ್ಲಿ ಜಮ್ಮುವಿನಲ್ಲಿದ್ದ, ಮ್ಯಾನ್ಮಾರ್‌ನಿಂದ ಬಂದ ರೊಹಿಂಗ್ಯಾಗಳ ಗಡೀಪಾರು ತಡೆಯಲು ಕೋರ್ಟ್ ಒಪ್ಪಲಿಲ್ಲ ನಿಜ. ಆದರೆ ನಿಗದಿತ ಕ್ರಮ ಪಾಲಿಸದೆ ಕಳಿಸಬಾರದು ಅಂತಲೂ ಅದೇ ಆದೇಶದಲ್ಲಿದೆ. ಟಿವಿಯಲ್ಲಿ ಮೊದಲ ಅರ್ಧ ಮಾತ್ರ ಬಂತು.

ಹೊರಗೆ ಕಳಿಸುವ ಹಕ್ಕು ಸರ್ಕಾರಕ್ಕೆ ಇರಲಿ. ಆದರೆ ಒಬ್ಬೊಬ್ಬರ ಕಾಗದ ನೋಡಿ, ಒಬ್ಬೊಬ್ಬರ ಮಾತು ಕೇಳಿ, ಆಮೇಲೆ ಕಳಿಸಬೇಕು. ಗುಂಪಾಗಿ ಹಿಡಿದು ಗುಂಪಾಗಿ ದಾಟಿಸೋದು ಭದ್ರತೆ ಅಲ್ಲ. ಇದು ನನ್ನ ನಿಲುವು. ನಿಮ್ಮ ಅಭಿಪ್ರಾಯ ಹೇಳಿ.

ನಿವೃತ್ತ ಸುಬೇದಾರ, ಗೋಕಾಕ ತಾಲೂಕು

ವಕೀಲ್ರೇ, ನಿಮ್ಮ ಮಾತು ಓದೋಕೆ ಚೆನ್ನಾಗಿದೆ. ಆದರೆ ಗಡಿಯಲ್ಲಿ ನಿಂತವರಿಗೆ ಬೇರೆಯದೇ ಕಾಣುತ್ತೆ. ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ತರಬೇತಿ ಮುಗಿಸಿ ಹೋದವನು ನಾನು. ಕತ್ತಲಲ್ಲಿ ಐದು ಜನ ಬಂದರೆ ಅದರಲ್ಲಿ ಹೊಟ್ಟೆಪಾಡಿಗೆ ಬಂದವನು ಯಾರು, ಬಂದೂಕು ಹೂತಿಡೋಕೆ ಬಂದವನು ಯಾರು ಅಂತ ಮುಖ ನೋಡಿ ಹೇಳೋಕೆ ಆಗಲ್ಲ. 1991ರಲ್ಲಿ ರಾಜೀವ್ ಗಾಂಧಿಯವರನ್ನು ಕೊಂದದ್ದು ಶ್ರೀಲಂಕಾದ ತಮಿಳು ಉಗ್ರರ ಸಂಘಟನೆ ಎಲ್‌ಟಿಟಿಇ. ನಾವು ಆಸರೆ ಕೊಟ್ಟ ಜನರ ನಡುವೆಯೇ ಆ ಸಂಘಟನೆಗೆ ಓಡಾಡೋಕೆ ಜಾಗ ಸಿಕ್ಕಿತ್ತು. ಅದನ್ನು ಮರೆಯೋಕೆ ಆಗುತ್ತಾ?

ಇನ್ನೊಂದು ಮಾತು. ಒಬ್ಬೊಬ್ಬರ ವಿಚಾರಣೆ ಅಂದರೆ ಸಾಕ್ಷಿ ತೋರಿಸಬೇಕು. ನಮಗೆ ಸುದ್ದಿ ಕೊಟ್ಟವನು ಯಾವುದೋ ಹಳ್ಳಿಯ ಬಡಪಾಯಿ. ಅವನ ಹೆಸರು ಕೋರ್ಟಿನಲ್ಲಿ ಓದಿದರೆ ವಾರದೊಳಗೆ ಅವನ ಹೆಣ ಬೀಳುತ್ತೆ. ಆಮೇಲೆ ಸುದ್ದಿ ಕೊಡೋಕೆ ಇನ್ಯಾರು ಬರ್ತಾರೆ? ಇದಕ್ಕೆ ಉತ್ತರ ಹೇಳಿ, ನಾನು ಕೇಳ್ತೀನಿ.

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಕಾಕಾ, ನಿಮ್ಮ ಎರಡನೇ ಪ್ರಶ್ನೆ ತುಂಬಾ ಮುಖ್ಯ. ಇದೇ ಪ್ರಶ್ನೆ ಬ್ರಿಟನ್‌ಗೂ ಎದುರಾಗಿತ್ತು. ಅಲ್ಲಿದ್ದ ವ್ಯಕ್ತಿ ನಮ್ಮ ಪಂಜಾಬಿನವನು.

ಚಾಹಲ್ ಪ್ರಕರಣ ಅಂತಾರೆ. ಸಿಖ್ ಪ್ರತ್ಯೇಕತಾವಾದಿ ಚಟುವಟಿಕೆಯ ಕಾರಣಕ್ಕೆ, ಇವನು ದೇಶದ ಭದ್ರತೆಗೆ ಅಪಾಯ ಅಂತ ಬ್ರಿಟನ್ ಸರ್ಕಾರ ಅವನನ್ನು ಭಾರತಕ್ಕೆ ಕಳಿಸಲು ಹೊರಟಿತು. 1990ರ ಆಗಸ್ಟ್‌ನಲ್ಲಿ ಬಂಧಿಸಿತು. ಹೋದರೆ ನನಗೆ ಚಿತ್ರಹಿಂಸೆ ಕಾದಿದೆ ಅಂತ ಅವನು ವಾದಿಸಿದ. ಹಾಗೆ ಆಗಲ್ಲ ಅಂತ ನಮ್ಮ ಸರ್ಕಾರ ಭರವಸೆಯನ್ನೂ ಕೊಟ್ಟಿತ್ತು. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 1996ರ ನವೆಂಬರ್‌ನಲ್ಲಿ ತೀರ್ಪು ಬಂತು. 12 ನ್ಯಾಯಾಧೀಶರು ಕಳಿಸಬಾರದು ಅಂದರು, 7 ಜನ ಒಪ್ಪಲಿಲ್ಲ. ಚಿತ್ರಹಿಂಸೆಯ ನಿಜವಾದ ಅಪಾಯ ಇದ್ದರೆ, ಆ ವ್ಯಕ್ತಿ ಎಷ್ಟೇ ಅಪಾಯಕಾರಿ ಆಗಿದ್ದರೂ ಕಳಿಸೋ ಹಾಗಿಲ್ಲ ಅಂತ ತೀರ್ಪಾಯಿತು.

ಆಮೇಲೆ ನಡೆದದ್ದು ನಿಮ್ಮ ಪ್ರಶ್ನೆಗೆ ಉತ್ತರ. ಗುಪ್ತ ಮಾಹಿತಿಯ ನೆಪದಲ್ಲಿ ಅವನ ಬಂಧನವನ್ನು ಯಾವ ಕೋರ್ಟೂ ಸರಿಯಾಗಿ ಪರಿಶೀಲಿಸಿಲ್ಲ ಅಂತಲೂ ಅದೇ ತೀರ್ಪು ಹೇಳಿತ್ತು. ಅದಕ್ಕೆ ಬ್ರಿಟನ್ 1997ರಲ್ಲಿ ಹೊಸ ಕಾನೂನು ತಂದು ಪ್ರತ್ಯೇಕ ಆಯೋಗ ಮಾಡಿತು. ಅಲ್ಲಿ ವಿಶೇಷ ವಕೀಲರು ಇರುತ್ತಾರೆ. ಭದ್ರತಾ ತಪಾಸಣೆ ಆದವರು. ಗುಪ್ತ ಕಡತವನ್ನು ಮುಚ್ಚಿದ ಬಾಗಿಲ ಹಿಂದೆ ಅವರು ನೋಡುತ್ತಾರೆ, ಅದರಲ್ಲಿರೋದು ನಂಬೋ ಹಾಗಿದೆಯಾ ಅಂತ ಬಂಧಿತನ ಪರವಾಗಿ ಪ್ರಶ್ನೆ ಮಾಡುತ್ತಾರೆ. ಸುದ್ದಿ ಕೊಟ್ಟವನ ಹೆಸರು ಹೊರಗೆ ಬರಲ್ಲ. ಆದರೆ ಕಡತವನ್ನು ಯಾರೂ ಪ್ರಶ್ನಿಸದೆ ಒಪ್ಪುವ ಪರಿಸ್ಥಿತಿಯೂ ಇರಲ್ಲ.

ಇದರಲ್ಲೂ ಕೊರತೆ ಇದೆ. ಕಡತ ನೋಡಿದ ಮೇಲೆ ಆ ವಕೀಲರು ಬಂಧಿತನ ಹತ್ತಿರ ಅದರ ಬಗ್ಗೆ ಮಾತಾಡುವಂತಿಲ್ಲ. ಆ ದಿನ ನಾನು ಊರಲ್ಲೇ ಇರಲಿಲ್ಲ ಅಂತ ಹೇಳಬಲ್ಲವನು ಬಂಧಿತ ಒಬ್ಬನೇ, ಅವನಿಗೆ ಯಾವ ದಿನ ಅಂತಲೇ ಗೊತ್ತಾಗಲ್ಲ. ಆದರೂ ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ಮೇಲು.

ಲಾಡ್ಜ್ ಮ್ಯಾನೇಜರ್, ಬಾದಾಮಿ

ಕೋರ್ಟ್ ಮಾತು ನನಗೆ ಅಷ್ಟು ತಿಳಿಯಲ್ಲ. ಆದರೆ ವಿದೇಶಿಯರ ಲೆಕ್ಕ ಇಡುವ ಕೆಲಸ ದಿನಾ ಮಾಡ್ತೀನಿ, ಅದನ್ನು ಹೇಳ್ತೀನಿ.

ಗುಹೆ ನೋಡೋಕೆ, ಪಟ್ಟದಕಲ್ಲಿಗೆ ಹೋಗೋಕೆ ಚಳಿಗಾಲದಲ್ಲಿ ವಿದೇಶಿಯರು ಜಾಸ್ತಿ ಬರ್ತಾರೆ. ರೂಮ್ ಕೊಟ್ಟ 24 ಗಂಟೆಯೊಳಗೆ ವಿದೇಶಿ ಅತಿಥಿಯ ವಿವರದ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು. ಪಾಸ್‌ಪೋರ್ಟ್ ನಂಬರ್, ವೀಸಾ ನಂಬರ್, ವೀಸಾ ಮುಗಿಯುವ ತಾರೀಕು, ಫೋಟೊ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಅಂತೆಲ್ಲ ಬರೀಬೇಕು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಅಂದರೆ ಎಸ್ಪಿ ಸಾಹೇಬ್ರೇ. ರಾತ್ರಿ ಕರೆಂಟ್ ಹೋಗಿ ನೆಟ್ ಇಲ್ಲ ಅಂದರೂ ಬೆಳಿಗ್ಗೆ ಎದ್ದು ಮೊದಲು ಅದೇ ಕೆಲಸ. ಬರೋ ಪ್ರವಾಸಿಗರು ಯಾರೂ ಇದಕ್ಕೆ ಬೇಜಾರು ಮಾಡಿಕೊಳ್ಳಲ್ಲ, ಪಾಸ್‌ಪೋರ್ಟ್ ತಾವೇ ಕೌಂಟರ್ ಮೇಲೆ ಇಡ್ತಾರೆ.

ಭದ್ರತೆ ಅಂದರೆ ನನ್ನ ಮಟ್ಟಿಗೆ ಇದು. ಯಾರು ಎಲ್ಲಿದ್ದಾರೆ ಅಂತ ಲೆಕ್ಕ ಇರಬೇಕು. ಲೆಕ್ಕ ಇಟ್ಟರೆ ಯಾರಿಗೂ ನೋವಾಗಲ್ಲ.

ಮುಳುಗಡೆ ಊರಿನವನು, ಬಾಗಲಕೋಟೆ ನವನಗರ

ಮ್ಯಾನೇಜರ್ ಸಾಹೇಬ್ರೇ, ಪಾಸ್‌ಪೋರ್ಟ್ ಇದ್ದವರಿಗೆ ನಿಮ್ಮ ಮಾತು ಸರಿ. ಊರೇ ಇಲ್ಲದವರು ಏನು ತೋರಿಸಬೇಕು?

ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟು ಬಂದವರು ನಾವು. ಪರಿಹಾರ, ಹಕ್ಕುಪತ್ರ ಅಂತ ನಮ್ಮಪ್ಪ ಆಫೀಸಿನಿಂದ ಆಫೀಸಿಗೆ ಅಲೆದದ್ದು ಕಣ್ಣಾರೆ ಕಂಡಿದ್ದೇನೆ. ಆದರೂ ನಮಗೆ ಒಂದು ದೇಶ ಇತ್ತು, ಜಗಳ ಆಡೋಕೆ ಒಂದು ಸರ್ಕಾರ ಇತ್ತು. ಚಕ್ಮಾಗಳ ಕಥೆ ಓದಿದಾಗ ನನಗೆ ಎದೆ ಹಿಂಡಿದಂತಾಯಿತು. ಚಿತ್ತಗಾಂಗ್ ಗುಡ್ಡಗಾಡಿನಲ್ಲಿ, ಆಗಿನ ಪೂರ್ವ ಪಾಕಿಸ್ತಾನದಲ್ಲಿ, ಕರ್ಣಫುಲಿ ನದಿಗೆ ಕಪ್ತಾಯಿ ಅಣೆಕಟ್ಟು ಕಟ್ಟಿದರು. ಸುಮಾರು ಒಂದು ಲಕ್ಷ ಜನರ ನೆಲ ನೀರಿನಡಿ ಹೋಯಿತು. ಸರಿಯಾದ ಪರಿಹಾರ ಸಿಗಲಿಲ್ಲ. ಜೊತೆಗೆ ಧರ್ಮದ ಕಾರಣಕ್ಕೆ ಕಿರುಕುಳ. 1964ರಲ್ಲಿ ಸಾವಿರಾರು ಜನ ಭಾರತಕ್ಕೆ ಬಂದರು. ಈಗಿನ ಅರುಣಾಚಲದಲ್ಲಿ ಅವರಿಗೆ ನೆಲೆ ಕೊಟ್ಟದ್ದು ನಮ್ಮ ಸರ್ಕಾರವೇ.

ಮೂರು ದಶಕ ಆದ ಮೇಲೆ, ಜಾಗ ಖಾಲಿ ಮಾಡಿ ಅಂತ ಅಲ್ಲಿನ ಸಂಘಟನೆಗಳು ಗಡುವು ಕೊಟ್ಟವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿಯಲ್ಲಿ ತೀರ್ಪು ಬಂತು. ನಾಗರಿಕರಾಗಲಿ, ಅಲ್ಲದಿರಲಿ, ಪ್ರತಿಯೊಬ್ಬರ ಜೀವ ಕಾಯೋದು ರಾಜ್ಯದ ಹೊಣೆ ಅಂತ ಕೋರ್ಟ್ ಹೇಳಿತು. ಅರುಣಾಚಲದವರಿಗೂ ಅವರದೇ ಭಯ ಇದೆ. ಸಣ್ಣ ಬುಡಕಟ್ಟುಗಳು, ತಮ್ಮ ನೆಲದಲ್ಲಿ ತಾವೇ ಕಡಿಮೆಯಾಗ್ತೀವಿ ಅನ್ನೋ ಚಿಂತೆ. ಅದನ್ನು ಸುಳ್ಳು ಅನ್ನೋಕೆ ನನಗೆ ಮನಸ್ಸಿಲ್ಲ. ಆದರೆ ಆ ಚಿಂತೆಗೆ ಉತ್ತರ ಮನೆಗೆ ಬೆಂಕಿ ಇಡೋದಲ್ಲ.

ನಿವೃತ್ತ ಸುಬೇದಾರ, ಗೋಕಾಕ ತಾಲೂಕು

ತಂಗ್ಯವ್ವಾ, ವಿಶೇಷ ವಕೀಲರ ಪದ್ಧತಿ ಚೆನ್ನಾಗಿದೆ. ನಮ್ಮಲ್ಲೂ ಅಂಥದ್ದು ಬಂದರೆ ನಾನು ಬೇಡ ಅನ್ನಲ್ಲ.

ಆದರೆ ಒಂದು ಕೇಳ್ತೀನಿ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೇ ಹಾಕಿಲ್ಲ. ಅದಕ್ಕೆ ಸೇರಿಸಿದ 1967ರ ಪ್ರೋಟೋಕಾಲ್‌ಗೂ ಹಾಕಿಲ್ಲ. ಸಹಿ ಹಾಕದ ಕಾಗದ ನಮ್ಮನ್ನು ಹೇಗೆ ಕಟ್ಟಿಹಾಕುತ್ತೆ? ಯುರೋಪಿನ ಕೋರ್ಟ್ ಯುರೋಪಿಗೆ. ಅಲ್ಲದೆ 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದಾಗ ಯಾವ ಒಪ್ಪಂದವೂ ಇಲ್ಲದೆ ನಾವೇ ಅನ್ನ ಹಾಕಿದ್ದೀವಿ. ಶ್ರೀಮಂತ ದೇಶಗಳಿಂದ ನಾವು ಪಾಠ ಕಲೀಬೇಕಾ?

ವಕೀಲ, ವಿಜಯಪುರ

1971ರ ವಿಚಾರದಲ್ಲಿ ನಿಮ್ಮ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಜಗತ್ತು ನಮಗೆ ಕೊಡಬೇಕಾದ ಮರ್ಯಾದೆ ಅದಕ್ಕೆ ಕೊಟ್ಟಿಲ್ಲ. ಶ್ರೀಮಂತ ದೇಶಗಳು ಮಾಡಿದ್ದೆಲ್ಲ ಮಾದರಿ ಅಂತಲೂ ನಾನು ಹೇಳಲ್ಲ. ಆಶ್ರಯ ಕೇಳಿ ಬಂದವರನ್ನು ಅವರು ಕಂಡೇ ಇರದ ರುವಾಂಡಾಕ್ಕೆ ವಿಮಾನದಲ್ಲಿ ಕಳಿಸಲು ಬ್ರಿಟನ್ ಸರ್ಕಾರ ಹೊರಟಿತ್ತು. 2023ರ ನವೆಂಬರ್‌ನಲ್ಲಿ ಅವರದೇ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ತಡೆಯಿತು.

ಸಹಿ ಹಾಕಿಲ್ಲ ಅನ್ನೋದೂ ನಿಜ. ಆದರೆ ಹಾಕಿದ ಒಪ್ಪಂದಗಳೂ ಇವೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿದೆ. ವಿದೇಶಿಯರನ್ನು ಹೊರಹಾಕುವ 13ನೇ ವಿಧಿಯ ಬಗ್ಗೆ ನಮ್ಮ ಕಾನೂನೇ ನಡೆಯುತ್ತೆ ಅಂತ ಆಗಲೇ ಷರತ್ತು ಹಾಕಿಕೊಂಡಿದ್ದೇವೆ. ಆದರೆ ಚಿತ್ರಹಿಂಸೆ ಬೇಡ ಅನ್ನುವ 7ನೇ ವಿಧಿಗೆ ಅಂಥ ಷರತ್ತು ಹಾಕಿಲ್ಲ. ತುರ್ತು ಪರಿಸ್ಥಿತಿಯಲ್ಲೂ ಅದನ್ನು ಬದಿಗಿಡೋ ಹಾಗಿಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ್ದೇವೆ, ಅನುಮೋದನೆ ಮಾತ್ರ ಇನ್ನೂ ಆಗಿಲ್ಲ. ನನಗೆ ಇದು ನೋವಿನ ವಿಷಯ.

ಇನ್ನು 1951ರ ಒಪ್ಪಂದವೇನೂ ಭದ್ರತೆಗೆ ಕುರುಡಲ್ಲ. ಅದರ 33ನೇ ವಿಧಿ, ಕಿರುಕುಳ ಇರುವ ಕಡೆಗೆ ನಿರಾಶ್ರಿತನನ್ನು ವಾಪಸ್ ತಳ್ಳಬಾರದು ಅನ್ನುತ್ತೆ. ಅದೇ ವಿಧಿಯ ಎರಡನೇ ಭಾಗ, ಅವನು ದೇಶದ ಭದ್ರತೆಗೆ ಅಪಾಯ ಅಂತ ನಂಬಲು ಸರಿಯಾದ ಕಾರಣ ಇದ್ದರೆ ಈ ರಕ್ಷಣೆ ಸಿಗಲ್ಲ ಅನ್ನುತ್ತೆ. ಆ ಕಾರಣ ಅವನ ಮೇಲೆ ಇರಬೇಕು. ಅವನ ಊರಿನವರ ಮೇಲೆ, ಅವನ ಭಾಷೆಯವರ ಮೇಲೆ ಇದ್ದರೆ ಸಾಲದು.

ಈಗ ಸುಬೇದಾರ್ ಸಾಹೇಬ್ರೇ, ನಮ್ಮ ದೇಶವೇ ಹೇಗ್‌ಗೆ ಹೋಗಿ ವಾದಿಸಿದ ಪ್ರಕರಣ ನೆನಪಿಸಿಕೊಳ್ಳಿ. ಕುಲಭೂಷಣ ಜಾಧವ್. ನೌಕಾಪಡೆಯ ನಿವೃತ್ತ ಅಧಿಕಾರಿ, ಹುಟ್ಟಿದ್ದು ನಮ್ಮ ಪಕ್ಕದ ಸಾಂಗ್ಲಿಯಲ್ಲಿ. 2016ರಲ್ಲಿ ಪಾಕಿಸ್ತಾನ ಹಿಡಿಯಿತು. ಗೂಢಚಾರ ಅಂತ 2017ರ ಏಪ್ರಿಲ್‌ನಲ್ಲಿ ಮಿಲಿಟರಿ ಕೋರ್ಟ್ ಗಲ್ಲು ಶಿಕ್ಷೆ ಕೊಟ್ಟಿತು. ನಮ್ಮ ರಾಯಭಾರ ಕಚೇರಿಯವರಿಗೆ ಅವರನ್ನು ಭೇಟಿ ಮಾಡೋಕೂ ಬಿಡಲಿಲ್ಲ. ಇದು ದೇಶದ ಭದ್ರತೆಯ ವಿಷಯ, ಗೂಢಚಾರರಿಗೆ ಆ ಹಕ್ಕು ಇಲ್ಲ ಅಂತ ಪಾಕಿಸ್ತಾನ ವಾದಿಸಿತು. ಭದ್ರತೆಯ ಆರೋಪ ಇದ್ದರೂ ಹಕ್ಕು ಇದ್ದೇ ಇರುತ್ತೆ ಅಂತ ವಾದಿಸಿದ್ದು ಭಾರತ. 2019ರ ಜುಲೈ 17ರಂದು ಅಂತಾರಾಷ್ಟ್ರೀಯ ನ್ಯಾಯಾಲಯ 15–1ರಲ್ಲಿ ನಮ್ಮ ಪರ ನಿಂತಿತು. ಈ ಭೇಟಿಯ ಹಕ್ಕು ಕೊಡುವ ಕಾನ್ಸುಲರ್ ಸಂಬಂಧಗಳ ವಿಯೆನ್ನಾ ಒಪ್ಪಂದದಲ್ಲಿ ಗೂಢಚಾರ ಆರೋಪಿಗೆ ಪ್ರತ್ಯೇಕ ನಿಯಮ ಇಲ್ಲ ಎಂದಿತು. ಶಿಕ್ಷೆಯನ್ನು ಮರುಪರಿಶೀಲಿಸಬೇಕು ಅಂತ ಆದೇಶ ಮಾಡಿತು.

ನಮ್ಮವರಿಗೆ ಬೇರೆ ದೇಶದಲ್ಲಿ ಈ ಹಕ್ಕು ಬೇಕು ಅಂದರೆ, ಇಲ್ಲಿ ಸಿಕ್ಕಿಬಿದ್ದ ಬೇರೆಯವರಿಗೂ ಕೊಡಬೇಕಲ್ವಾ? ನಾವೇ ಗೆದ್ದ ವಾದ ಇದು.

ಬಟ್ಟೆ ಅಂಗಡಿ, ವಿಜಯಪುರ

ಜಾಧವ್ ಪ್ರಕರಣದ ಈ ಬದಿಯನ್ನು ನಾನು ಯೋಚಿಸಿರಲಿಲ್ಲ. ನಾನು ಹೇಳೋಕೆ ಬಂದದ್ದು ನಮ್ಮ ಕಡೆ ಸ್ವೆಟರ್ ಮಾರೋಕೆ ಬರುವ ಟಿಬೆಟಿನವರ ಬಗ್ಗೆ. ದೀಪಾವಳಿ ಆಸುಪಾಸಿನಲ್ಲಿ ಮುಂಡಗೋಡದಿಂದ ಬರ್ತಾರೆ. ಒಬ್ಬ ಅಜ್ಜಿ ನಮ್ಮ ಅಂಗಡಿಯಲ್ಲೇ ಗಂಟು ಇಟ್ಟು ಹೋಗ್ತಾಳೆ. ನಮ್ಮ ಕನ್ನಡ ಚೆನ್ನಾಗಿ ಬರುತ್ತೆ, ಚೌಕಾಸಿಗೂ ಬಗ್ಗಲ್ಲ. ಹಣದ ಚೀಲದ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ನೋಂದಣಿ ಪುಸ್ತಕ ಇಟ್ಟಿರ್ತಾಳೆ. ಅವಧಿ ಮುಗಿಯೋ ಮೊದಲು ನವೀಕರಣ ಮಾಡಿಸಬೇಕು. ದುಡ್ಡು ಕಳೆದರೆ ಚಿಂತೆ ಇಲ್ಲ, ಇದು ಕಳೆದರೆ ನಾನು ಯಾರೂ ಅಲ್ಲ ಅಂತ ಒಮ್ಮೆ ಹೇಳಿದ್ದಳು.

ಬೈಲಕುಪ್ಪೆಗೆ ನಿಜಲಿಂಗಪ್ಪನವರು ಜಾಗ ಕೊಡಿಸಿದರು, ಆಮೇಲೆ 1966ರಲ್ಲಿ ಮುಂಡಗೋಡ ಆಯಿತು ಅಂತ ಹಿರಿಯರು ಹೇಳ್ತಿದ್ದರು. ಇಷ್ಟು ವರ್ಷ ಆಯಿತು, ಅವರಿಂದ ನಮಗೇನು ತೊಂದರೆ ಆಗಿದೆ? ಈಗ ಬಂದಿರುವ ಹೊಸ ಕಾನೂನಿನಲ್ಲಿ ಅವರ ಗತಿ ಏನು, ಯಾರಾದರೂ ಹೇಳ್ತೀರಾ?

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಅಣ್ಣಾ, ಹೊಸದು ಅಂದರೆ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025. ಅದೇ ವರ್ಷ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ಹಳೆಯ ನಾಲ್ಕು ಕಾಯ್ದೆಗಳು ರದ್ದಾದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮ್ಯಾನೇಜರ್ ಸರ್ ಹೇಳಿದ ಲೆಕ್ಕ ಕೊಡುವ ಹೊಣೆ ಈಗ ಆಸ್ಪತ್ರೆ, ವಿಶ್ವವಿದ್ಯಾಲಯಗಳಿಗೂ ಇದೆ.

ಟಿಬೆಟಿನವರಿಗೆ ಇದರ ಜೊತೆ ಬಂದ ಆದೇಶದಲ್ಲಿ ವಿನಾಯಿತಿ ಇದೆ. 1959ರಿಂದ 2003ರ ಮೇ 30ರ ಒಳಗೆ ಬಂದು ನೋಂದಣಿ ಮಾಡಿಸಿಕೊಂಡವರಿಗೆ ತೊಂದರೆ ಇಲ್ಲ. 2015ರ ಜನವರಿ 9ರವರೆಗೆ ಬಂದು ಹೆಸರು ನೋಂದಾಯಿಸಿದ ಶ್ರೀಲಂಕಾ ತಮಿಳರಿಗೂ ಇದೇ ರೀತಿ ವಿನಾಯಿತಿ ಇದೆ. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದಿಂದ 2024ರ ಡಿಸೆಂಬರ್ 31ರೊಳಗೆ ಬಂದ ಅಲ್ಪಸಂಖ್ಯಾತ ಸಮುದಾಯಗಳವರಿಗೂ ಇದೆ. ಮ್ಯಾನ್ಮಾರ್‌ನ ರೊಹಿಂಗ್ಯಾಗಳು ಈ ಯಾವ ಪಟ್ಟಿಯಲ್ಲೂ ಇಲ್ಲ.

ನನಗೆ ಇಲ್ಲೇ ಕಷ್ಟ ಆಗೋದು. ಯಾರಿಗೆ ಆಸರೆ ಅಂತ ತೀರ್ಮಾನ ಆಗುತ್ತಿರೋದು ಆದೇಶದ ಮೇಲೆ, ತಾರೀಕಿನ ಮೇಲೆ. ಇಂಥ ಕಾರಣ ಇದ್ದರೆ ಯಾರು ಬೇಕಾದರೂ ಅರ್ಜಿ ಹಾಕಬಹುದು, ಇಂಥವರು ವಿಚಾರಣೆ ಮಾಡ್ತಾರೆ, ಇಷ್ಟು ದಿನದಲ್ಲಿ ಉತ್ತರ ಸಿಗುತ್ತೆ ಅನ್ನುವ ಆಶ್ರಯದ ಕಾನೂನು ನಮ್ಮಲ್ಲಿ ಇಲ್ಲ. ಅದು ಇದ್ದಿದ್ದರೆ ಸುಬೇದಾರ್ ಕಾಕಾ ಹೇಳುವ ಅನುಮಾನದ ಮನುಷ್ಯನೂ ಸರ್ಕಾರದ ಕಣ್ಣಿಗೆ ಬೇಗ ಬೀಳುತ್ತಿದ್ದ. ಅರ್ಜಿ ಹಾಕಿದರೆ ಕೇಳ್ತಾರೆ ಅನ್ನೋ ನಂಬಿಕೆ ಇದ್ದವನು ಎದುರಿಗೆ ಬರುತ್ತಾನೆ. ಹಿಡಿದರೆ ದಾಟಿಸುತ್ತಾರೆ ಅಂತ ಹೆದರಿದವನು ಅಡಗುತ್ತಾನೆ.

ತಾಂಡಾದವನು, ಮುದ್ದೇಬಿಹಾಳ ಕಡೆ

ನಾನು ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗೋನು. ಮಳೆ ಕೈಕೊಟ್ಟ ವರ್ಷ ನಮ್ಮ ತಾಂಡಾದ ಅರ್ಧ ಜನ ಗುಳೆ ಹೋಗ್ತೀವಿ. ಅಲ್ಲಿ ಗುಡಿಸಲಿನಲ್ಲಿ ಇರೋದು. ಮಳೆಗೆ ರೇಷನ್ ಕಾರ್ಡ್ ತೊಯ್ದು ಹೋಗುತ್ತೆ, ಆಧಾರ್ ಊರಲ್ಲಿ ಟ್ರಂಕಿನಲ್ಲಿ ಇರುತ್ತೆ. ಪೊಲೀಸರು ಬಂದು ಎಲ್ಲಿಯವರು, ಕಾಗದ ತೋರಿಸು ಅಂದರೆ ಕೈಕಾಲು ನಡುಗುತ್ತೆ. ನಾವು ಬೇರೆ ದೇಶದವರಲ್ಲ. ಆದರೂ ಅವ್ವ ಹುಟ್ಟಿದ ಊರು, ತಾರೀಕು ಕೇಳಿದರೆ ನನ್ನ ಹತ್ತಿರ ಏನೂ ಇಲ್ಲ. ತಾಂಡಾದಲ್ಲಿ ಯಾರು ಬರೆದಿಟ್ಟಿದ್ದಾರೆ?

ವಕೀಲ್ರನ್ನ ಕೇಳೋದು ಇಷ್ಟೇ. ನಾನು ಇಲ್ಲಿಯವನು ಅಂತ ನಾನೇ ತೋರಿಸಬೇಕಾ, ಅಲ್ಲ ಅಂತ ಅವರು ತೋರಿಸಬೇಕಾ?

ವಕೀಲ, ವಿಜಯಪುರ

ತಮ್ಮಾ, ನೀನು ಕೇಳಿದ್ದು ಈ ಇಡೀ ಮಾತಿನ ಬೇರು. ಕಾನೂನಿನ ಪ್ರಕಾರ ತೋರಿಸಬೇಕಾದವನು ನೀನೇ. 1946ರ ಕಾಯ್ದೆಯ 9ನೇ ಸೆಕ್ಷನ್ ಹಾಗೇ ಇತ್ತು, ಹೊಸ ಕಾಯ್ದೆಯಲ್ಲೂ ಹಾಗೇ ಉಳಿದಿದೆ. ಕಳ್ಳತನದ ಕೇಸಿನಲ್ಲಿ ಪೊಲೀಸರು ಸಾಬೀತು ಮಾಡಬೇಕು. ಇಲ್ಲಿ ಹಿಡಿಸಿಕೊಂಡವನು ಮಾಡಬೇಕು. ಹುಟ್ಟಿದ ಸಂಗತಿ ಅವನಿಗೇ ಚೆನ್ನಾಗಿ ಗೊತ್ತಿರುತ್ತೆ ಅನ್ನೋದು ಇದಕ್ಕೆ ಕೊಡುವ ಕಾರಣ. ಗಡಿ ದಾಟಿ ಬಂದವನಿಗೆ ಆ ಕಾರಣ ಒಪ್ಪಬಹುದು. ಕಾಗದ ಇಲ್ಲದ ಬಡ ನಾಗರಿಕನ ಮೇಲೆ ಅದು ಬಂಡೆ ಬಿದ್ದ ಹಾಗೆ ಬೀಳುತ್ತೆ.

2025ರಲ್ಲಿ ಇದು ನಡೆದೂ ಹೋಯಿತು. ದಿಲ್ಲಿಯಲ್ಲಿ ಕೂಲಿ ಮಾಡುತ್ತಿದ್ದ ಪಶ್ಚಿಮ ಬಂಗಾಳದ ಕುಟುಂಬಗಳನ್ನು ಬಾಂಗ್ಲಾದೇಶದವರು ಅಂತ ಹಿಡಿದು ಕೆಲವೇ ದಿನದಲ್ಲಿ ಗಡಿ ದಾಟಿಸಿದರು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್, ಅವಸರದಲ್ಲಿ ಮಾಡಿದ ಗಡೀಪಾರು ಇದು, ವಾಪಸ್ ಕರೆತನ್ನಿ ಅಂತ ಆದೇಶ ಮಾಡಿತು. ಅದೇ ವರ್ಷ ಪಹಲ್ಗಾಮ್ ದಾಳಿಯ ಬೆನ್ನಲ್ಲೇ ಪಾಕಿಸ್ತಾನಿಗಳ ವೀಸಾ ರದ್ದಾದಾಗ, ನಮಗೆ ಭಾರತದ ಪಾಸ್‌ಪೋರ್ಟ್ ಇದೆ ಅಂತ ಒಂದು ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯಿತು. ದಾಖಲೆ ಪರಿಶೀಲಿಸುವವರೆಗೆ ಬಲವಂತದ ಕ್ರಮ ಬೇಡ ಅಂತ ಕೋರ್ಟ್ ಹೇಳಿತು. ದಾಳಿ ಮಾಡಿದವರ ಮೇಲೆ ನಮಗೆಲ್ಲ ಸಿಟ್ಟಿತ್ತು. ಕೋರ್ಟಿಗೂ ಅದು ಗೊತ್ತಿತ್ತು. ಆದರೂ ಮೊದಲು ಕಾಗದ ನೋಡಿ ಅಂದಿತು.

ವಿಚಾರಣೆ ಅನ್ನೋದು ವಿದೇಶಿಯನಿಗೆ ಮಾಡುವ ಉಪಕಾರ ಅಂತ ಕೆಲವರು ತಿಳಿದಿದ್ದಾರೆ. ಅದು ಇಲ್ಲದಿದ್ದರೆ ಮೊದಲು ಗಡಿಯಾಚೆ ಹೋಗೋನು ನಮ್ಮ ತಾಂಡಾದ ಹುಡುಗ.

ನಿವೃತ್ತ ಸುಬೇದಾರ, ಗೋಕಾಕ ತಾಲೂಕು

ತಾಂಡಾದ ಹುಡುಗನ ಮಾತು ಓದಿ ಸಂಕಟ ಆಯಿತು. ನನ್ನ ಪಲ್ಟನ್ನಿನಲ್ಲೂ ಇಂಥ ಮನೆಗಳಿಂದ ಬಂದ ಜವಾನರು ಇದ್ದರು. ಅವರ ಅಪ್ಪಂದಿರ ಹತ್ತಿರವೂ ಜನನ ಪತ್ರ ಇರಲಿಲ್ಲ.

ವಿಚಾರಣೆ ಆಗಲಿ, ನಾನು ಬೇಡ ಅಂತಿಲ್ಲ. ಆದರೆ ನಮ್ಮಲ್ಲಿ ಹೊಲದ ಬದುವಿನ ಕೇಸೇ ಇಪ್ಪತ್ತು ವರ್ಷ ನಡೆಯುತ್ತೆ. ಭದ್ರತೆಯ ಕೇಸ್ ಹಾಗೆ ಎಳೆದರೆ ಸರ್ಕಾರ ಕೋರ್ಟಿನ ಕಣ್ಣು ತಪ್ಪಿಸಿ ರಾತ್ರೋರಾತ್ರಿ ದಾಟಿಸುತ್ತೆ, ಇಲ್ಲವೇ ಆ ಮನುಷ್ಯನನ್ನು ಕೊಳೆಹಾಕುತ್ತೆ. ಎರಡೂ ತಪ್ಪು. ಪಂಜಾಬಿನ ಆ ಚಾಹಲ್ ಆರು ವರ್ಷ ಒಳಗೇ ಇದ್ದ ಅಂತಾಯಿತಲ್ಲ. ತೀರ್ಪು ಚೆನ್ನಾಗಿದ್ದು ಏನು ಬಂತು? ಮೂರು ತಿಂಗಳಲ್ಲಿ ಮುಗಿಯಬೇಕು ಅಂತ ಕಾನೂನಿನಲ್ಲೇ ಬರೀಬೇಕು. ಮತ್ತೆ, ಚಿತ್ರಹಿಂಸೆ ಆಗುತ್ತೆ ಅಂತ ವಾಪಸ್ ಕಳಿಸೋ ಹಾಗಿಲ್ಲ, ಅವನು ನಿಜವಾಗಿ ಅಪಾಯಕಾರಿ ಅಂತಲೂ ಗೊತ್ತಾಯಿತು ಅಂದರೆ? ಊರಲ್ಲಿ ತಿರುಗಾಡಲು ಬಿಡೋದಾ? ಇದಕ್ಕೆ ನನಗೆ ಸಮಾಧಾನ ಆಗುವ ಉತ್ತರ ಯಾರೂ ಕೊಟ್ಟಿಲ್ಲ.

ಕಾನೂನು ವಿದ್ಯಾರ್ಥಿನಿ, ಬೆಳಗಾವಿ

ಕಾಕಾ, ಕೊನೆಯ ಪ್ರಶ್ನೆಗೆ ಪೂರ್ತಿ ಸಮಾಧಾನದ ಉತ್ತರ ಜಗತ್ತಿನಲ್ಲಿ ಎಲ್ಲೂ ಇಲ್ಲ. ವಾಪಸ್ ಕಳಿಸಲಾಗದ ವಿದೇಶಿ ಶಂಕಿತರನ್ನು ಕೇಸೇ ಹಾಕದೆ ಅನಿರ್ದಿಷ್ಟ ಕಾಲ ಒಳಗಿಡುವ ಕಾನೂನನ್ನು ಬ್ರಿಟನ್ 2001ರಲ್ಲಿ ಅಮೆರಿಕದ ಮೇಲಾದ ದಾಳಿಯ ನಂತರ ಮಾಡಿತು. ಬ್ರಿಟಿಷ್ ನಾಗರಿಕರಲ್ಲೂ ಅಷ್ಟೇ ಅಪಾಯಕಾರಿಗಳು ಇರುವಾಗ ವಿದೇಶಿಯರನ್ನು ಮಾತ್ರ ಒಳಗಿಡೋದು ತಾರತಮ್ಯ ಅಂತ ಆಗ ಅವರ ಅತಿ ದೊಡ್ಡ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2004ರಲ್ಲಿ ಹೇಳಿತು. ಉಳಿದ ದಾರಿ ಅಂದರೆ ಸಾಕ್ಷಿ ಇದ್ದರೆ ಇಲ್ಲೇ ಕೇಸ್ ಹಾಕಿ ಶಿಕ್ಷೆ ಕೊಡಿಸೋದು. ಇಲ್ಲದಿದ್ದರೆ ಕಣ್ಣಿಡೋದು, ಹಾಜರಿ ಹಾಕಿಸೋದು, ಸುರಕ್ಷಿತವಾದ ಮೂರನೇ ದೇಶ ಒಪ್ಪಿದರೆ ಅಲ್ಲಿಗೆ ಕಳಿಸೋದು. ಕೆನಡಾದ ಸುಪ್ರೀಂ ಕೋರ್ಟ್ ಮಾತ್ರ 2002ರ ಸುರೇಶ್ ಪ್ರಕರಣದಲ್ಲಿ ಚಿತ್ರಹಿಂಸೆಯ ಅಪಾಯ ಇದ್ದರೂ ತೀರಾ ಅಪರೂಪದ ಸಂದರ್ಭದಲ್ಲಿ ಕಳಿಸೋಕೆ ಸಣ್ಣ ಬಾಗಿಲು ತೆರೆದಿಟ್ಟಿತು. ಅದು ತಪ್ಪು ಅಂತ ನನ್ನ ಅಭಿಪ್ರಾಯ. ನೀವು ಒಪ್ಪದೇ ಇರಬಹುದು.

ಗಡುವಿನ ಮಾತಿಗೆ ನನ್ನ ಪೂರ್ತಿ ಬೆಂಬಲ.

ಲಾಡ್ಜ್ ಮ್ಯಾನೇಜರ್, ಬಾದಾಮಿ

ಒಂದು ಕೆಲಸದ ಮಾತು ಕೇಳ್ತೀನಿ. ನಾಳೆ ನಮ್ಮೂರಿನ ಹುಡುಗನನ್ನೋ, ಆ ಟಿಬೆಟ್ ಅಜ್ಜಿಯನ್ನೋ ಹಿಡಿದುಕೊಂಡು ಹೋದರು ಅಂತಿಟ್ಟುಕೊಳ್ಳಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ. ಯಾರಿಗೆ ಫೋನ್ ಮಾಡಬೇಕು?

ವಕೀಲ, ವಿಜಯಪುರ

15100ಕ್ಕೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ, ದುಡ್ಡು ಬೀಳಲ್ಲ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಪ್ರಾಧಿಕಾರದ ಕಚೇರಿ ಇದೆ. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಬಂಧನ ಆಗದಿದ್ದರೂ ಸಿಗುತ್ತಾರೆ. ನಮ್ಮ ದೇಶದವರಾ ಅಲ್ವಾ ಅಂತ ತೀರ್ಮಾನ ಆಗೋವರೆಗೆ ಕಾಯಬೇಕಿಲ್ಲ. ಹಿಡಿದ ದಿನವೇ ಫೋನ್ ಮಾಡಿ. ಯಾವ ಠಾಣೆ, ಎಷ್ಟು ಗಂಟೆಗೆ ಕರೆದುಕೊಂಡು ಹೋದರು, ಯಾವ ಕಾಗದ ಕಿತ್ತುಕೊಂಡರು ಅಂತ ಬರೆದಿಟ್ಟುಕೊಳ್ಳಿ. ತಾಂಡಾದ ತಮ್ಮಾ, ನೀನು ಗೋವಾಕ್ಕೆ ಹೋಗುವ ಮೊದಲು ಆಧಾರ್, ಶಾಲೆಯ ದಾಖಲಾತಿ ಪತ್ರ, ಅಪ್ಪನ ವೋಟರ್ ಕಾರ್ಡ್, ಇದಿಷ್ಟರ ಫೋಟೊ ತೆಗೆದು ಊರಲ್ಲಿ ಇರುವವರ ಮೊಬೈಲಿಗೂ ಕಳಿಸಿಡು.